ಗೊರಿಲಾಜ್ ಆಲ್ಮನಾಕ್ ಕೈಗೆ ಬಂತು! ಪಜಲ್ ಪುಟದಲ್ಲಿ ಮಗುಗೆ ಬರೆಯಲು ಬಿಡಲಾ, ಬೇಡವಾ?

ನೀಲಿಕೂದಲು

ಕೊನೆಗೂ ಬಂತು! ಎಷ್ಟು ದಿನದಿಂದ ಹುಡುಕುತ್ತಿದ್ದೆ. ಗೊರಿಲಾಜ್ ಅನ್ನೋ ಕಾರ್ಟೂನ್ ಬ್ಯಾಂಡಿಗೆ 20 ವರ್ಷ ತುಂಬಿದ ಸಂಭ್ರಮಕ್ಕೆ 2020ರಲ್ಲಿ ಝೀ-ಟು ಕಾಮಿಕ್ಸ್ ಹೊರತಂದ ಆಲ್ಮನಾಕ್ ಇದು. ಗಟ್ಟಿ ರಟ್ಟು, 120 ಪುಟ, ಪೂರ್ತಿ ಬಣ್ಣ. ಹಳೆಯ ಚಿತ್ರಗಳಿವೆ, ಹೊಸ ಚಿತ್ರಗಳಿವೆ, ಕಾಮಿಕ್ಸ್ ಇದೆ, ಆಟ ಇದೆ, ಪಜಲ್ ಇದೆ. ಬ್ಯಾಂಡಿನ ಜೊತೆ ಹಾಡಿದ ಗೆಳೆಯರೂ ಬಂದುಹೋಗುತ್ತಾರೆ. ಪುಸ್ತಕ ಬಂದಾಗ ಕೊಳ್ಳುವಷ್ಟು ದುಡ್ಡು ನನ್ನ ಹತ್ತಿರ ಇರಲಿಲ್ಲ. ಈಗ ಒಬ್ಬರು ಓದಿ ಇಟ್ಟಿದ್ದ ಪ್ರತಿ ಸಿಕ್ಕಿತು.

ಪಾರ್ಸೆಲ್ ಬಿಚ್ಚಿದಾಗ ಒಂದು ಮೂಲೆ ಜಜ್ಜಿಹೋಗಿತ್ತು. ಎದೆ ಚುರುಕ್ ಅಂತು. ಆದರೆ ಒಳಗಿನ ಪುಟಗಳು ಹೊಸದರ ಹಾಗೇ ಇವೆ. ಹಿಂದಿನವರು ಒಂದೇ ಒಂದು ಪಜಲ್ ಕೂಡ ಬಿಡಿಸಿಲ್ಲ. ಎಲ್ಲ ಖಾಲಿ.

ಅಮ್ಮ ಹೆಸರು ಕೇಳಿ "ಪಂಚಾಂಗಾನಾ?" ಅಂದರು. ಹೌದು, ಆಲ್ಮನಾಕ್ ಅಂದರೆ ಪಂಚಾಂಗವೇ. ಅವರು ಒಂದೊಂದೇ ಪುಟ ತಿರುಗಿಸಿ ನೋಡಿ, "ಈ ಹುಡುಗನ ಕಣ್ಣಿಗೆ ಏನಾಗಿದೆ?" ಅಂತ ಕೇಳಿದರು. ಅವನು ಬ್ಯಾಂಡಿನ ಹಾಡುಗಾರ ಟು-ಡಿ. ಅವನ ಕತೆ ಪೂರ್ತಿ ಹೇಳಿದೆ. ಬಾಸ್ ನುಡಿಸುವ ಮರ್ಡಾಕ್ ಕಾರು ನುಗ್ಗಿಸಿದ್ದು, ಟು-ಡಿ ಕಣ್ಣು ಕಪ್ಪಾಗಿದ್ದು, ಎಲ್ಲ. "ಪಾಪ" ಅಂದರು.

ಈಗ ವಿಷಯಕ್ಕೆ ಬರ್ತೀನಿ. ನನ್ನ ಅಕ್ಕನ ಮಗಳಿಗೆ ಹತ್ತು ವರ್ಷ. ರಜೆಗೆ ಬಂದಿದ್ದಾಳೆ. ಪಜಲ್ ಪುಟ ನೋಡಿದ ಕೂಡಲೇ ಪೆನ್ಸಿಲ್ ತಂದು ಕೂತಿದ್ದಾಳೆ. ನಾನು "ತಡಿ ಪುಟ್ಟಿ, ಒಂದು ದಿನ" ಅಂತ ಪುಸ್ತಕ ಎತ್ತಿಟ್ಟೆ. ಅವಳ ಮುಖ ಸಣ್ಣದಾಯಿತು. ಬಿಡಲಾ? ಬೇಡವಾ? ನೀವೇ ಹೇಳಿ.

ಹಳೇಕಾಮಿಕ್ಸ್

ದಯವಿಟ್ಟು ಬೇಡ.

ನನ್ನ ಹತ್ತಿರವೂ ಇದೇ ಪ್ರತಿ ಇದೆ. ಬಂದ ದಿನ ಕೈ ತೊಳೆದುಕೊಂಡು ಒಮ್ಮೆ ಓದಿದೆ. ಆಮೇಲೆ ಪ್ಲಾಸ್ಟಿಕ್ ಕವರಿನೊಳಗೆ ಹಾಕಿಟ್ಟೆ. ಮಳೆಗಾಲದಲ್ಲಿ ನಮ್ಮ ಕಡೆ ಗೋಡೆಯೇ ಬೆವರುತ್ತೆ. ಹೊಳಪು ಕಾಗದದ ಪುಟಗಳು ಒಂದಕ್ಕೊಂದು ಅಂಟಿಕೊಂಡರೆ ಮುಗೀತು. ಬಿಡಿಸಲು ಹೋದರೆ ಬಣ್ಣ ಕಿತ್ತು ಬರುತ್ತೆ. ನನ್ನ ಹಳೆಯ ಎರಡು ಪುಸ್ತಕ ಹಾಗೆ ಹಾಳಾಗಿವೆ.

ಒಮ್ಮೆ ಬರೆದರೆ ಅಳಿಸಿದರೂ ಗೀರು ಉಳಿಯುತ್ತೆ. ಇಂಥ ಪುಸ್ತಕ ನಮ್ಮ ಊರಿನ ಅಂಗಡಿಯಲ್ಲಿ ಸಿಗುವಂಥದ್ದಲ್ಲ. ಮಗುಗೆ ಬೇರೆ ಪಜಲ್ ಪುಸ್ತಕ ತಂದುಕೊಡಿ.

ಲೀಡ್ಸ್‌ಕನ್ನಡತಿ

ನಾನು ಬರೆಯಲು ಬಿಡಿ ಅನ್ನೋ ಕಡೆ. ಯಾಕೆ ಅಂತ ಸ್ವಲ್ಪ ಉದ್ದಕ್ಕೆ ಹೇಳ್ತೀನಿ. ಈ ಪುಸ್ತಕದ ರೂಪ ಎಲ್ಲಿಂದ ಬಂತು ಅಂತ ಗೊತ್ತಾದರೆ ಪ್ರಶ್ನೆ ಅರ್ಧ ಬಗೆಹರಿಯುತ್ತೆ.

ಇಲ್ಲಿ ಬ್ರಿಟನ್‌ನಲ್ಲಿ 'ಆ್ಯನ್ಯುಅಲ್' ಅಂದರೆ ಅದೊಂದು ದೊಡ್ಡ ಸಂಗತಿ. ನಮಗೆ ದೀಪಾವಳಿ ವಿಶೇಷಾಂಕ ಹೇಗೋ, ಇಲ್ಲಿನ ಮಕ್ಕಳಿಗೆ ಕ್ರಿಸ್‌ಮಸ್‌ಗೆ ಇದು ಹಾಗೆ. ಡಂಡೀ ಊರಿನ ಡಿ.ಸಿ. ಥಾಮ್ಸನ್ ಕಂಪನಿ 1937ರಲ್ಲಿ ದಿ ಡ್ಯಾಂಡಿ, 1938ರಲ್ಲಿ ದಿ ಬೀನೋ ಅಂತ ವಾರಕ್ಕೊಂದು ಕಾಮಿಕ್ಸ್ ಶುರು ಮಾಡಿತು. ವರ್ಷಕ್ಕೊಮ್ಮೆ ಅವುಗಳ ಗಟ್ಟಿ ರಟ್ಟಿನ ದಪ್ಪ ಪುಸ್ತಕ ಬರುತ್ತೆ. ಈ ವರ್ಷದ ಕೊನೆಗೆ ಬಂದರೂ ಮೇಲೆ ಮುಂದಿನ ವರ್ಷದ ಇಸವಿ ಇರುತ್ತೆ. ಒಳಗೆ ಕಾಮಿಕ್ಸ್, ಪಜಲ್, ರಸಪ್ರಶ್ನೆ. ಫುಟ್‌ಬಾಲ್ ತಂಡಗಳಿಗೆ, ಟಿವಿ ಕಾರ್ಯಕ್ರಮಗಳಿಗೆ, ಪಾಪ್ ತಾರೆಯರಿಗೆ ಕೂಡ ಆ್ಯನ್ಯುಅಲ್ ಬರುತ್ತಿತ್ತು.

ಈ ಬ್ಯಾಂಡಿನ ಚಿತ್ರ ಬರೆಯುವ ಜೇಮಿ ಹ್ಯೂಲೆಟ್ ಹುಟ್ಟಿದ್ದು 1968ರಲ್ಲಿ. ಆ ತಲೆಮಾರಿನ ಮಕ್ಕಳಿಗೆ ಕ್ರಿಸ್‌ಮಸ್ ಬೆಳಿಗ್ಗೆ ಅಂದರೆ ಆ್ಯನ್ಯುಅಲ್. ಗೊರಿಲಾಜ್‌ಗೆ 20 ವರ್ಷ ಆದಾಗ ದೊಡ್ಡ ಕಲಾ ಪುಸ್ತಕ ಮಾಡಬಹುದಿತ್ತು. ಅದರ ಬದಲು ಮಕ್ಕಳ ಪುಸ್ತಕದ ಈ ರೂಪವನ್ನೇ ಹಿಡಿದರು. ನನಗೆ ಅದು ತುಂಬಾ ಇಷ್ಟ.

ಇಲ್ಲಿನ ಚಾರಿಟಿ ಅಂಗಡಿಗಳಲ್ಲಿ ಹಳೆಯ ಆ್ಯನ್ಯುಅಲ್‌ಗಳು ಸಿಗುತ್ತವೆ. ಸುಮಾರು ಪುಸ್ತಕಗಳ ಮೊದಲ ಪುಟದಲ್ಲಿ 'ಈ ಪುಸ್ತಕ ಇವರದು' ಅಂತ ಅಚ್ಚಾಗಿರುತ್ತೆ. ಕೆಳಗೆ ಯಾವುದೋ ಮಗು ಸೊಟ್ಟ ಅಕ್ಷರದಲ್ಲಿ ಹೆಸರು ಬರೆದಿರುತ್ತೆ. ಪಜಲ್ ಅರ್ಧ ಬಿಡಿಸಿರುತ್ತೆ. ಉತ್ತರದ ಪುಟ ಜಾಸ್ತಿ ಮಾಸಿರುತ್ತೆ. ನಾನು ಕೊಳ್ಳೋದು ಅಂಥವನ್ನೇ.

ಹೊಸಬ

ನಾನು ಈ ಬ್ಯಾಂಡಿನ ಎರಡು ಮೂರು ಹಾಡು ಮಾತ್ರ ಕೇಳಿದ್ದೀನಿ. ಒಂದು ಅನುಮಾನ. ಚಿತ್ರದಲ್ಲಿ ಇರುವವರು ನಿಜ ಅಲ್ಲ ಅಂದಮೇಲೆ 20 ವರ್ಷ ತುಂಬಿದ್ದು ಯಾರಿಗೆ? ಹಾಡೋರು ಯಾರು?

ತೊಗಲುಗೊಂಬೆ

ಒಳ್ಳೆ ಪ್ರಶ್ನೆ. ಈ ಬ್ಯಾಂಡಿನ ಜೀವವೇ ಈ ಪ್ರಶ್ನೆಯಲ್ಲಿದೆ.

ಬ್ಲರ್ ಬ್ಯಾಂಡಿನ ಗಾಯಕ ಡೇಮನ್ ಆಲ್ಬರ್ನ್ ಮತ್ತು ಚಿತ್ರಗಾರ ಜೇಮಿ ಹ್ಯೂಲೆಟ್ ಮೊದಲು ಭೇಟಿಯಾಗಿದ್ದು 1990ರಲ್ಲಿ. ಬ್ಲರ್‌ನ ಗಿಟಾರ್ ವಾದಕ ಗ್ರಹಾಂ ಕಾಕ್ಸನ್‌ಗೆ ಹ್ಯೂಲೆಟ್ ಚಿತ್ರಗಳ ಹುಚ್ಚು. ಆ ನಂಟಿನಿಂದ ಪರಿಚಯ ಆಯಿತು. ಆಮೇಲೆ ಇಬ್ಬರೂ ಲಂಡನ್ನಿನ ವೆಸ್ಟ್‌ಬೋರ್ನ್ ಗ್ರೋವ್‌ನಲ್ಲಿ ಒಂದೇ ಫ್ಲ್ಯಾಟ್ ಹಂಚಿಕೊಂಡರು. ಟಿವಿಯಲ್ಲಿ ಎಂಟಿವಿ ನೋಡ್ತಾ ಕೂತಿದ್ದಾಗ, ಈ ತಯಾರು ಮಾಡಿದ ಪಾಪ್ ತಂಡಗಳಿಗಿಂತ ಬರೆದ ಬೊಂಬೆಗಳೇ ವಾಸಿ ಅನ್ನಿಸಿತು. 1998ರಲ್ಲಿ ಗೊರಿಲಾಜ್ ಹುಟ್ಟಿತು. ಮೊದಲ ಇ.ಪಿ., ಅಂದರೆ ಕೆಲವೇ ಹಾಡುಗಳ ಸಣ್ಣ ಆಲ್ಬಂ, ಬಂದಿದ್ದು 2000ದ ನವೆಂಬರ್‌ನಲ್ಲಿ. 2020ಕ್ಕೆ 20 ವರ್ಷ ಆಗೋದು ಆ ಲೆಕ್ಕದಲ್ಲಿ.

ಚಿತ್ರದಲ್ಲಿ ನಾಲ್ವರಿದ್ದಾರೆ. ಹಾಡುವ ಟು-ಡಿ, ಬಾಸ್ ನುಡಿಸುವ ಮರ್ಡಾಕ್, ಗಿಟಾರಿನ ನೂಡಲ್, ಡ್ರಮ್ಸ್‌ನ ರಸೆಲ್. ಟು-ಡಿ ಬಾಯಿ ತೆರೆದು ಹಾಡಿದರೆ ಬರೋದು ಆಲ್ಬರ್ನ್ ದನಿ. ಮರ್ಡಾಕ್ ಮಾತಾಡಿದರೆ ಫಿಲ್ ಕಾರ್ನ್‌ವೆಲ್ ಎಂಬ ನಟನ ದನಿ. ರಸೆಲ್ ಮಾತು ರೆಮಿ ಕಬಾಕಾ ಜೂನಿಯರ್ ಅವರದು.

ನಮಗೆ ಇದು ಅಷ್ಟು ವಿಚಿತ್ರ ಅನ್ನಿಸಬಾರದು. ರಾಜ್‌ಕುಮಾರ್ ಅವರ ಹಳೆಯ ಚಿತ್ರಗಳ ಬಹುಪಾಲು ಹಾಡುಗಳಲ್ಲಿ ಮುಖ ಅವರದು, ದನಿ ಪಿ.ಬಿ. ಶ್ರೀನಿವಾಸ್ ಅವರದು. ಆ ಹಾಡು ಯಾರದು ಅಂತ ಕೇಳಿದರೆ ನಾವು ಇಬ್ಬರದೂ ಅಂತೀವಿ. ಯಕ್ಷಗಾನದಲ್ಲಿ ಭಾಗವತರು ಹಿಂದೆ ಕೂತು ಹಾಡ್ತಾರೆ, ಮುಂದೆ ವೇಷ ಕುಣಿಯುತ್ತೆ. ಪದ್ಯ ಬಿಟ್ಟು ವೇಷ ಇಲ್ಲ, ವೇಷ ಬಿಟ್ಟು ಪದ್ಯ ಇಲ್ಲ.

ಇನ್ನೂ ಹತ್ತಿರದ್ದು ನಮ್ಮ ತೊಗಲುಗೊಂಬೆಯಾಟ. ನಮ್ಮ ಅಜ್ಜಿಯ ಊರಲ್ಲಿ ಚಿಕ್ಕಂದಿನಲ್ಲಿ ನೋಡಿದ್ದೆ. ಬಿಳಿ ಪರದೆ, ಹಿಂದೆ ದೀಪ, ನಡುವೆ ಬಣ್ಣದ ಗೊಂಬೆ. ಆಡಿಸುವವರ ಕೈ ಕಾಣೋದಿಲ್ಲ, ಕಾಲ್ಗೆಜ್ಜೆ ಸದ್ದು ಮಾತ್ರ ಕೇಳುತ್ತೆ. ಗೊರಿಲಾಜ್‌ನ ಮೊದಲ ಕಛೇರಿ ಲಂಡನ್ನಿನ ಸ್ಕಾಲಾದಲ್ಲಿ 2001ರ ಮಾರ್ಚ್ 22ರಂದು ನಡೆದದ್ದೂ ಹೀಗೆಯೇ. ವಾದ್ಯದವರು ಪರದೆ ಹಿಂದೆ, ಪರದೆ ಮೇಲೆ ಕಾರ್ಟೂನ್. 2005ರಲ್ಲಿ ಮ್ಯಾಂಚೆಸ್ಟರ್ ಆಪೆರಾ ಹೌಸ್‌ನಲ್ಲಿ ವಾದ್ಯದವರ ನೆರಳು ಮಾತ್ರ ಕಾಣುತ್ತಿತ್ತು. 2010ರ ಹೊತ್ತಿಗೆ ಪರದೆ ಪಕ್ಕಕ್ಕೆ ಸರಿದು ಎಲ್ಲರೂ ಮುಂದೆ ಬಂದರು. ನನಗೆ ಹಳೆಯ ನೆರಳಾಟವೇ ಇಷ್ಟ.

ಲೈಬ್ರರಿಹುಡುಗ

ಕಾರ್ಟೂನ್ ಬ್ಯಾಂಡ್ ಇವರಿಗಿಂತ ಮೊದಲೂ ಇತ್ತು. ಬಾಡಿಗೆ ಲೈಬ್ರರಿಯಲ್ಲಿ ನಾವೆಲ್ಲ ತಂದು ಓದ್ತಿದ್ದ ಆರ್ಚಿ ಕಾಮಿಕ್ಸ್ ನೆನಪಿದೆಯಲ್ವಾ? ಅದರ ಹುಡುಗರ ಹೆಸರಲ್ಲೇ ಬಂದ ಒಂದು ಹಾಡು 1969ರಲ್ಲಿ ಅಮೆರಿಕದಲ್ಲಿ ಒಂದನೇ ಸ್ಥಾನಕ್ಕೆ ಹೋಗಿತ್ತು. ಆದರೆ ಆರ್ಚಿಗೆ ಅವತ್ತೂ ಹದಿನೇಳು, ಇವತ್ತೂ ಹದಿನೇಳು.

ನೀಲಿಕೂದಲು

ಲೈಬ್ರರಿಹುಡುಗ, ನೀವು ಕೊನೆಗೆ ಹೇಳಿದ ಮಾತಿಗೆ ನನ್ನ ಕೈ ನಿಂತುಬಿಟ್ಟಿತು. ನಾನು ಈ ಬ್ಯಾಂಡನ್ನು ಇಷ್ಟು ಹಚ್ಚಿಕೊಂಡಿದ್ದು ಅದಕ್ಕೇ.

ಕಾರ್ಟೂನಿನಲ್ಲಿ ಯಾರಿಗೂ ವಯಸ್ಸಾಗೋದಿಲ್ಲ. ಆರ್ಚಿಗೆ ಆಗಲ್ಲ, ಬೀನೋದ ಡೆನಿಸ್‌ಗೂ ಆಗಲ್ಲ. ಆದರೆ ನೂಡಲ್‌ಗೆ ಆಗುತ್ತೆ. ಕತೆಯ ಪ್ರಕಾರ ಅವಳು ಹುಟ್ಟಿದ್ದು 1990ರ ಅಕ್ಟೋಬರ್ 31. ಹತ್ತು ವರ್ಷದ ಜಪಾನಿ ಹುಡುಗಿ, ಕೊರಿಯರ್ ಪೆಟ್ಟಿಗೆಯೊಳಗೆ ಗಿಟಾರ್ ಹಿಡಿದು ಬಂದವಳು. ಇಂಗ್ಲಿಷಿನಲ್ಲಿ ಗೊತ್ತಿದ್ದದ್ದು ನೂಡಲ್ ಅನ್ನೋ ಒಂದೇ ಪದ. ಅದೇ ಹೆಸರಾಯಿತು.

ನಾನು ಹುಟ್ಟಿದ್ದೂ 1990. 2001ರಲ್ಲಿ ಪಕ್ಕದ ಮನೆಯ ಟಿವಿಯಲ್ಲಿ ಅವರ ಮೊದಲ ದೊಡ್ಡ ಹಾಡಿನ ವಿಡಿಯೋ ನೋಡಿದೆ. ಸ್ಮಶಾನ, ಮಳೆ, ಗೋರಿಯಿಂದ ಎದ್ದು ಬಂದು ಕುಣಿಯುವ ಗೊರಿಲ್ಲಾಗಳು. ಆ ಗಲಾಟೆಯ ನಡುವೆ ನನ್ನಷ್ಟೇ ಎತ್ತರದ ಒಂದು ಹುಡುಗಿ. ನನಗೂ ಆಗ ಇಂಗ್ಲಿಷ್ ಬರುತ್ತಿರಲಿಲ್ಲ. ಹೊಸ ಶಾಲೆಗೆ ಸೇರಿ ಒಂದು ತಿಂಗಳು ಬಾಯಿ ಬಿಟ್ಟಿರಲಿಲ್ಲ. ಈ ಹುಡುಗಿಗೆ ಒಂದೇ ಪದ ಗೊತ್ತು, ಆದರೂ ಎಲ್ಲರೂ ಅವಳ ಮಾತು ಕೇಳ್ತಾರೆ. ಅದನ್ನು ನಾನು ಎಷ್ಟು ಸಲ ನೆನೆಸಿಕೊಂಡಿದ್ದೀನೋ ಲೆಕ್ಕ ಇಲ್ಲ.

2005ರಲ್ಲಿ ಎರಡನೇ ಆಲ್ಬಂ ಬಂದಾಗ ಅವಳು ಹದಿಹರೆಯದ ಹುಡುಗಿ. ಗಾಳಿಗಿರಣಿ ಇರುವ ತೇಲುವ ದ್ವೀಪದ ಮೇಲೆ ಕೂತು ಗಿಟಾರ್ ನುಡಿಸುತ್ತಿದ್ದಳು. ಮರುವರ್ಷದ ವಿಡಿಯೋದಲ್ಲಿ ಹೆಲಿಕಾಪ್ಟರ್‌ಗಳು ಬಂದು ಆ ದ್ವೀಪಕ್ಕೆ ಗುಂಡು ಹಾರಿಸಿ ಉರುಳಿಸಿದವು. ಅವಳು ಸತ್ತಳೋ ಉಳಿದಳೋ ಗೊತ್ತಾಗಲಿಲ್ಲ. ನಾನು ನಿಜವಾಗಲೂ ಅತ್ತಿದ್ದೆ. 2010ರಲ್ಲಿ ಅವಳ ಜಾಗದಲ್ಲಿ ಮರ್ಡಾಕ್ ಒಂದು ಯಂತ್ರದ ನೂಡಲ್ ತಂದು ನಿಲ್ಲಿಸಿದ. ಆಗ ನನಗೆ ತಡೆಯಲಾರದಷ್ಟು ಸಿಟ್ಟು ಬಂತು. ಆಮೇಲೆ ಅವಳೇ ಮರಳಿ ಬಂದಳು, ಬೆಳೆದ ಹೆಂಗಸಾಗಿ.

ಸಾಂಗ್ ಮಷೀನ್ ಆಲ್ಬಂ ಬಂದಿದ್ದು 2020ರ ಅಕ್ಟೋಬರ್ 23. ಎಂಟು ದಿನ ಕಳೆದರೆ ಅವಳಿಗೆ ಮೂವತ್ತು. ಅದೇ ತಿಂಗಳ ಹತ್ತಿರ ನನಗೂ ಮೂವತ್ತು. ಈ ಆಲ್ಮನಾಕ್‌ನಲ್ಲಿ ಹಳೆಯ ಚಿತ್ರ ಹೊಸ ಚಿತ್ರ ಒಟ್ಟಿಗೆ ನೋಡುವಾಗ ನನಗೆ ಮನೆಯ ಫೋಟೋ ಆಲ್ಬಂ ತಿರುಗಿಸಿದ ಹಾಗಾಯಿತು.

ಈಗ ನನ್ನ ಅಕ್ಕನ ಮಗಳಿಗೆ ಹತ್ತು ಅಂದೆನಲ್ಲ. ಪೆಟ್ಟಿಗೆಯಿಂದ ಹೊರಬಂದಾಗ ನೂಡಲ್‌ಗೆ ಇದ್ದ ವಯಸ್ಸು ಅದೇ.

ಬಾಸ್‌ತಂತಿ

ನೀಲಿಕೂದಲು ಬರೆದದ್ದು ಓದಿ ಖುಷಿಯಾಯಿತು. ಆದರೂ ನನ್ನ ಬೇಸರ ಹೇಳಲೇಬೇಕು.

ನನಗೆ ಆಲ್ಮನಾಕ್ ಪೂರ್ತಿ ಹಿಡಿಸಲಿಲ್ಲ. 2006ರಲ್ಲಿ ಬ್ಯಾಂಡಿನ ಆತ್ಮಕತೆ ಅಂತ ಒಂದು ಪುಸ್ತಕ ಬಂದಿತ್ತು, ಕಾಸ್ ಬ್ರೌನ್ ಬರೆದದ್ದು. ಮರ್ಡಾಕ್ ಎಲ್ಲಿ ಹುಟ್ಟಿದ, ಕತೆಯಲ್ಲಿ ಇವರು ವಾಸವಿದ್ದ ಕಾಂಗ್ ಸ್ಟುಡಿಯೋ ಹೇಗಿತ್ತು, ಯಾರು ಯಾರ ಮೂಗು ಮುರಿದರು, ಎಲ್ಲ ಅದರಲ್ಲಿ ಸಿಗುತ್ತೆ. ರಾತ್ರಿ ಎರಡು ಗಂಟೆವರೆಗೂ ಕೂತು ಓದುವಂಥ ಪುಸ್ತಕ. 20 ವರ್ಷದ ಹಬ್ಬಕ್ಕೆ ನಾನು ಕಾಯ್ತಾ ಇದ್ದದ್ದು ಅದರ ಮುಂದಿನ ಭಾಗಕ್ಕೆ. 2006ರಿಂದ ಈಚೆಗೆ ಕತೆ ಎಷ್ಟೊಂದು ತುಂಡಾಗಿದೆ. 2018ರಲ್ಲಿ ಮರ್ಡಾಕ್ ಜೈಲಿನಲ್ಲಿದ್ದ, ಅವನ ಬದಲು ಪವರ್‌ಪಫ್ ಗರ್ಲ್ಸ್ ಕಾರ್ಟೂನಿನ ಏಸ್ ಬಂದು ಬಾಸ್ ನುಡಿಸಿದ. ಇದನ್ನೆಲ್ಲ ಒಂದು ದಾರದಲ್ಲಿ ಪೋಣಿಸಿ ಕೊಡಬಹುದಿತ್ತಲ್ವಾ?

ಇನ್ನೊಂದು, ಮೂರು ಬಗೆಯ ಪ್ರತಿ ಯಾಕೆ? ಸಾಮಾನ್ಯ, ಡೀಲಕ್ಸ್, ಸೂಪರ್ ಡೀಲಕ್ಸ್. ಒಂದೇ ಬ್ಯಾಂಡನ್ನು ಪ್ರೀತಿಸುವವರ ನಡುವೆ ಇದು ಮೆಟ್ಟಿಲು ಕಟ್ಟಿದ ಹಾಗೆ. ಸಾಮಾನ್ಯ ಪ್ರತಿ ತರಿಸಲಿಕ್ಕೇ ನಾನು ಪುಸ್ತಕದಷ್ಟೇ ದುಡ್ಡು ಸಾಗಣೆಗೆ ಕೊಟ್ಟೆ.

ರೇಖೆ

ಬಾಸ್‌ತಂತಿ, ಕತೆ ಹುಡುಕಿ ಹೋದರೆ ನಿಮ್ಮ ಮಾತು ಸರಿ. ನಾನು ಗೆರೆ ಹುಡುಕಿ ಹೋದವಳು. ನನಗೆ ಈ ಪುಸ್ತಕ ಕೊಟ್ಟಿದ್ದು ಜಾಸ್ತಿ.

ನಾನು ಚಿತ್ರ ಬರೆದು ಬದುಕುವವಳು. ಮಕ್ಕಳ ಪುಸ್ತಕಗಳಿಗೆ ಬರೆಯುತ್ತೀನಿ. ಹ್ಯೂಲೆಟ್ ಹೆಸರು ಮಾಡಿದ್ದು 1988ರಲ್ಲಿ ಡೆಡ್‌ಲೈನ್ ಪತ್ರಿಕೆಗೆ ಅಲನ್ ಮಾರ್ಟಿನ್ ಜೊತೆ ಮಾಡಿದ ಟ್ಯಾಂಕ್ ಗರ್ಲ್ ಕಾಮಿಕ್ಸ್‌ನಿಂದ. ಆ ಗೆರೆಯಲ್ಲಿ ಗಲಾಟೆ ಇತ್ತು. ಪುಟದ ಒಂದು ಮೂಲೆಯನ್ನೂ ಖಾಲಿ ಬಿಡುತ್ತಿರಲಿಲ್ಲ. ಗೊರಿಲಾಜ್‌ನ ಮೊದಲ ಚಿತ್ರಗಳಲ್ಲಿ ಗೆರೆ ದಪ್ಪ, ಚೂಪು. ಕೈಕಾಲು ಕಡ್ಡಿ, ತಲೆ ದೊಡ್ಡದು, ಬಣ್ಣ ಚಪ್ಪಟೆ. ಪ್ಯಾಶನ್ ಪಿಕ್ಚರ್ಸ್ ಅನ್ನೋ ಆ್ಯನಿಮೇಷನ್ ಕಂಪನಿಯ ಪೀಟ್ ಕ್ಯಾಂಡಲ್ಯಾಂಡ್ ಜೊತೆ ಸೇರಿ ಆ ಬೊಂಬೆಗಳನ್ನು ವಿಡಿಯೋದಲ್ಲಿ ಓಡಾಡಿಸಬೇಕಿತ್ತು. ಓಡಾಡಬೇಕಾದ ಬೊಂಬೆಗೆ ಗೆರೆ ಕಡಿಮೆ ಇದ್ದಷ್ಟೂ ಒಳ್ಳೇದು. ಒಂದು ಸೆಕೆಂಡಿಗೆ ಎಷ್ಟೋ ಚಿತ್ರ ಬೇಕಲ್ವಾ.

ಆಮೇಲಿನ ವರ್ಷಗಳಲ್ಲಿ ಅವರ ಕೈ ಮೆತ್ತಗಾಗಿದೆ. ನೆರಳು ಬಂತು, ಮುಖಕ್ಕೆ ಮೂಳೆ ಬಂತು, ಕಣ್ಣ ಕೆಳಗೆ ದಣಿವು ಬಂತು. ಬೇರೆ ಬೇರೆ ಆಲ್ಬಂ ಕವರಿನಲ್ಲಿ ನೋಡಿದರೆ ಇದು ಗೊತ್ತಾಗೋದಿಲ್ಲ. ಒಂದೇ ಪುಸ್ತಕದಲ್ಲಿ ಪುಟ ತಿರುಗಿಸಿ ನೋಡಿದರೆ ಕಣ್ಣಿಗೆ ಹೊಡೆಯುತ್ತೆ.

ನಾನು ಒಂದು ಸಂಜೆ ಪೂರ್ತಿ ಮರ್ಡಾಕ್‌ನ ಹಲ್ಲು ಬರೆಯುತ್ತಾ ಕೂತಿದ್ದೆ. ಅವನ ಬಾಯಿ ಹಲ್ಲುಗಳ ಸಾಲು ಅಂತ ಅಂದುಕೊಂಡು ಬರೆದರೆ ಬರೋದಿಲ್ಲ. ಎರಡು ಹಲ್ಲಿನ ನಡುವಿನ ಕಪ್ಪು ಸಂದುಗಳನ್ನು ಮೊದಲು ಬರೆಯಬೇಕು. ಸಂದು ಸರಿಯಾಗಿ ಬಿದ್ದರೆ ಹಲ್ಲು ತಾನೇ ಮೂಡುತ್ತೆ. ಏಳನೇ ಸಲಕ್ಕೆ ಬಂತು! ಆ ಹಾಳೆ ಇನ್ನೂ ಮೇಜಿನ ಮೇಲಿನ ಗೋಡೆಯಲ್ಲಿದೆ.

ನನ್ನ ಓಟು: ಬರೆಯಲು ಬಿಡಿ. ಅವಳ ಕೈಗೆ ಒಂದು ಖಾಲಿ ಹಾಳೆಯನ್ನೂ ಕೊಡಿ. ನಕಲು ಮಾಡಲಿ.

ಡ್ರಮ್‌ಕಡ್ಡಿ

ಯಾರೂ ಆ ವರ್ಷದ ಬಗ್ಗೆ ಮಾತಾಡಿಲ್ಲ. 2020.

ನಾವೆಲ್ಲ ಮನೆಯೊಳಗೆ ಇದ್ದೆವು. ಸಾಂಗ್ ಮಷೀನ್ ಜನವರಿಯಲ್ಲೇ ಶುರುವಾಗಿತ್ತು, ತಿಂಗಳಿಗೊಂದರ ಹಾಗೆ ಹಾಡು ಬರ್ತಾ ಇತ್ತು. ಹೊರಗಿನ ಸುದ್ದಿಯೆಲ್ಲ ಕೆಟ್ಟದ್ದೇ. ಏಪ್ರಿಲ್ 30ರಂದು ಟೋನಿ ಆಲನ್ ಪ್ಯಾರಿಸ್‌ನಲ್ಲಿ ತೀರಿಕೊಂಡರು, 79 ವರ್ಷ. ಫೇಲಾ ಕುಟಿಯ ಜೊತೆ ನುಡಿಸಿದ ನೈಜೀರಿಯಾದ ಡ್ರಮ್ಮರ್. ನಾನು ಕಡ್ಡಿ ಹಿಡಿದದ್ದೇ ಅವರ ನುಡಿತ ಕೇಳಿ. ಎರಡೇ ದಿನದಲ್ಲಿ, ಮೇ 2ರಂದು, ಗೊರಿಲಾಜ್ ಅವರ ಜೊತೆ ಮಾಡಿದ್ದ ಹಾಡನ್ನು ಬಿಟ್ಟರು. ನಾನು ಹೆಡ್‌ಫೋನ್ ಹಾಕಿಕೊಂಡು ಟೆರೇಸಿನ ಮೇಲೆ ಕತ್ತಲಲ್ಲಿ ಕೂತು ಕೇಳಿದೆ. ಕೈ ಅವರದು, ಇನ್ನೂ ಬಿಸಿ ಇದ್ದ ಹಾಗೆ.

ಬಾಬಿ ವೊಮ್ಯಾಕ್ ಕೂಡ ಹಾಗೆ. ಎಷ್ಟೋ ಕಾಲ ಸುಮ್ಮನಿದ್ದ ಹಿರಿಯ ಗಾಯಕ. ಮಗಳು ಈ ಬ್ಯಾಂಡ್ ಇಷ್ಟ ಅಂತ ಹೇಳಿದ್ದಕ್ಕೆ ಒಪ್ಪಿ ಬಂದರು. 2010ರ ಆಲ್ಬಂನಲ್ಲಿ ಅವರು ಗಂಟಲು ಬಿಚ್ಚಿ ಹಾಡಿದ್ದು ಕೇಳಿದರೆ ಇವತ್ತಿಗೂ ರೋಮ ನಿಲ್ಲುತ್ತೆ. 2014ರಲ್ಲಿ ಅವರೂ ಹೋದರು.

ನನಗೆ ಆಲ್ಮನಾಕ್‌ನಲ್ಲಿ ತುಂಬಾ ತಾಕಿದ್ದು ಅತಿಥಿಗಳೇ. ನೂಡಲ್‌ಗೆ ವಯಸ್ಸಾದರೂ ಬರೆಯುವ ಕೈ ಇರುವ ತನಕ ಅವಳು ಇರುತ್ತಾಳೆ. ಅವಳ ಜೊತೆ ನುಡಿಸಲು ಬಂದ ಮನುಷ್ಯರು ಒಬ್ಬೊಬ್ಬರೇ ಹೋಗ್ತಾ ಇದ್ದಾರೆ. ಬಾಸ್‌ತಂತಿ, ನಿಮ್ಮ ಬೇಸರ ಅರ್ಥ ಆಗುತ್ತೆ. ಆದರೆ ಆ ವರ್ಷ ಇವರು ಆಟ, ಪಜಲ್, ಕಾಮಿಕ್ಸ್ ಇರುವ ಪುಸ್ತಕ ಕೊಟ್ಟದ್ದು ನನಗೆ ಉಪಕಾರ ಮಾಡಿದ ಹಾಗಾಗಿತ್ತು. ಕತೆ ಓದುವ ತಲೆ ಆಗ ನನಗಿರಲಿಲ್ಲ.

ಬಾಸ್‌ತಂತಿ

ಡ್ರಮ್‌ಕಡ್ಡಿ, ಇದನ್ನು ನಾನು ಯೋಚಿಸಿರಲಿಲ್ಲ. ಇವತ್ತು ರಾತ್ರಿ ಮತ್ತೊಮ್ಮೆ ತೆಗೆದು ನೋಡ್ತೀನಿ. ಮೂರು ಬಗೆಯ ಪ್ರತಿಯ ವಿಷಯದಲ್ಲಿ ಮಾತ್ರ ನನ್ನ ಮಾತು ಬದಲಾಗಲ್ಲ.

ಕೊಳಲು

ಸಾವಿನ ಮಾತು ಬಂತಲ್ಲ, ಅದಕ್ಕೆ ಇದನ್ನು ಸೇರಿಸ್ತೀನಿ. ಆಲ್ಬರ್ನ್ ಮತ್ತು ಹ್ಯೂಲೆಟ್ ಇಬ್ಬರ ತಂದೆಯರೂ ಕೆಲವೇ ದಿನಗಳ ಅಂತರದಲ್ಲಿ ತೀರಿಕೊಂಡರು. ಇಬ್ಬರೂ ಭಾರತಕ್ಕೆ ಬಂದು ಓಡಾಡಿದರು. ಆಲ್ಬರ್ನ್ ವಾರಾಣಸಿಯಲ್ಲಿ ಗಂಗೆಗೆ ಅಪ್ಪನ ಬೂದಿ ಬಿಟ್ಟರು. ಆ ಪಯಣದಿಂದ ಹುಟ್ಟಿದ ಆಲ್ಬಂ ಅನ್ನು 2025ರ ಸೆಪ್ಟೆಂಬರ್‌ನಲ್ಲಿ ಘೋಷಿಸಿದರು. ಮುಖಪುಟದ ಮೇಲೆ ದೇವನಾಗರಿಯಲ್ಲಿ 'ಪರ್ವತ' ಅಂತ ಇದೆ. ಅನುಷ್ಕಾ ಶಂಕರ್ ಸಿತಾರ್ ಇದೆ, ಅಜಯ್ ಪ್ರಸನ್ನ ಕೊಳಲಿದೆ, ಅಮಾನ್ ಮತ್ತು ಅಯಾನ್ ಅಲಿ ಬಂಗಶ್ ಸರೋದ್ ಇದೆ. ಆಶಾ ಭೋಸ್ಲೆ ಹಾಡಿದ್ದಾರೆ!

ಆಶಾ ಅವರು ಹಾಡಿದ್ದಾರೆ ಅಂತ ಗೊತ್ತಾದ ದಿನ ನಮ್ಮ ಅಪ್ಪನಿಗೆ ಫೋನ್ ಮಾಡಿದೆ. ಅವರಿಗೆ ಈ ಬ್ಯಾಂಡ್ ಅಂದರೆ 'ಆ ಕೋತಿಗಳ ಪಾಟು'. ಆಶಾ ಹೆಸರು ಕೇಳಿ ಅರೆಗಳಿಗೆ ಸುಮ್ಮನಾಗಿ, "ಕಳಿಸು ನೋಡೋಣ" ಅಂದರು.

ಲೀಡ್ಸ್‌ಕನ್ನಡತಿ

2025ರ ಆಗಸ್ಟಿನಲ್ಲಿ ಲಂಡನ್ನಿನ ಕಾಪರ್ ಬಾಕ್ಸ್ ಅರೇನಾದಲ್ಲಿ ಬ್ಯಾಂಡಿನ 25 ವರ್ಷಕ್ಕೆ ಹೌಸ್ ಆಫ್ ಕಾಂಗ್ ಅನ್ನೋ ಪ್ರದರ್ಶನ ಇಟ್ಟಿದ್ದರು. ರೈಲು ಹಿಡಿದು ಹೋಗಿದ್ದೆ. ಸಾಲಿನಲ್ಲಿ ನನ್ನ ಮುಂದೆ ಒಬ್ಬ ಅಪ್ಪ ಮತ್ತು ಏಳೆಂಟು ವರ್ಷದ ಮಗಳು. ಮಗಳ ತಲೆ ಮೇಲೆ ನೂಡಲ್‌ನ ಹಳೆಯ ಹೆಲ್ಮೆಟ್ಟಿನ ಹಾಗೆ ಮಾಡಿದ ಒಂದು ಪಾತ್ರೆ, ರೇಡಿಯೋದ ನಾಬ್ ಸಮೇತ. ಮನೆಯಲ್ಲಿ ಮಾಡಿದ್ದು. ಅಪ್ಪನ ಟೀ ಶರ್ಟ್ ತೊಳೆದೂ ತೊಳೆದೂ ಚಿತ್ರವೇ ಮಾಸಿಹೋಗಿತ್ತು.

ಹೊಸಬ

ಒಂದು ಉಪಾಯ. ಪಜಲ್ ಪುಟದ ಕಲರ್ ಜೆರಾಕ್ಸ್ ಮಾಡಿಸಿ ಕೊಟ್ಟರೆ ಆಯಿತಲ್ಲ?

ರೇಖೆ

ಜೆರಾಕ್ಸ್ ಮಾಡಲು ಪುಸ್ತಕವನ್ನು ಗಾಜಿನ ಮೇಲೆ ಒತ್ತಿ ಹಿಡಿಯಬೇಕು. ಬೆನ್ನು ಬಿಟ್ಟುಕೊಳ್ಳುತ್ತೆ. ಪೆನ್ಸಿಲ್ ಗೀರಿಗಿಂತ ಅದು ಕೆಟ್ಟದ್ದು. ಬೇಕಿದ್ದರೆ ಫೋನಿನಲ್ಲಿ ಫೋಟೋ ತೆಗೆದು ಪ್ರಿಂಟ್ ಹಾಕಿಸಿ.

ಹಳೇಕಾಮಿಕ್ಸ್

ನಿನ್ನೆ ಬೇಡ ಅಂತ ಬರೆದು ಹೋದವನು ನಾನು. ಲೀಡ್ಸ್‌ಕನ್ನಡತಿಯವರು ಆ ಮಗುವಿನ ಸೊಟ್ಟ ಅಕ್ಷರದ ಬಗ್ಗೆ ಬರೆದದ್ದು ಓದಿದಾಗಿನಿಂದ ಒಂದು ನೆನಪು ಬಿಡ್ತಾ ಇಲ್ಲ.

ನಮ್ಮ ಮನೆಗೆ ಮಕ್ಕಳ ಮಾಸಪತ್ರಿಕೆಯೊಂದು ಬರ್ತಿತ್ತು. ಚುಕ್ಕಿ ಸೇರಿಸಿ ಚಿತ್ರ ಮಾಡುವ ಪುಟ ಇರುತ್ತಿತ್ತು. ಪತ್ರಿಕೆ ಬಂದ ದಿನ ನಾನು ಶಾಲೆಯಿಂದ ಬರುವಷ್ಟರಲ್ಲಿ ನನ್ನ ತಂಗಿ ಅದನ್ನು ಮುಗಿಸಿಬಿಟ್ಟಿರುತ್ತಿದ್ದಳು. ನೀಲಿ ಇಂಕು ಪೆನ್ನಿನಲ್ಲಿ. ಪ್ರತಿ ತಿಂಗಳೂ ಜಗಳ. ಪುಸ್ತಕ ಹಾಳು ಮಾಡ್ತಾಳೆ ಅಂತ ಅಮ್ಮನ ಹತ್ತಿರ ದೂರು. ಆಗಿನಿಂದಲೇ ನನ್ನ ಪುಸ್ತಕಗಳನ್ನು ಬೀರುವಿನ ಮೇಲೆ ಇಡಲು ಶುರು ಮಾಡಿದ್ದು.

ತಂಗಿ ಹೋಗಿ ಹನ್ನೊಂದು ವರ್ಷ ಆಯಿತು. ನನ್ನ ಸಂಗ್ರಹದಲ್ಲಿ ಸಾವಿರಕ್ಕೂ ಜಾಸ್ತಿ ಪುಸ್ತಕಗಳಿವೆ, ಒಂದು ಗೀರೂ ಇಲ್ಲದವು. ನಿನ್ನೆ ರಾತ್ರಿ ನಾನು ಹುಡುಕಿ ತೆಗೆದದ್ದು ಆ ಹಳೆಯ ಮಾಸಪತ್ರಿಕೆಗಳ ಕಟ್ಟನ್ನು. ಒಂದು ಪುಟದಲ್ಲಿ ಆನೆ ಆಗಬೇಕಿತ್ತು. ಅವಳು ಹದಿನೆಂಟರಿಂದ ನೇರ ಇಪ್ಪತ್ತಕ್ಕೆ ಗೆರೆ ಎಳೆದಿದ್ದಾಳೆ, ಸೊಂಡಿಲು ತುಂಡಾಗಿದೆ. ಇಂಕು ಹಿಂದಿನ ಪುಟಕ್ಕೂ ಇಳಿದಿದೆ.

ನನ್ನ ಆಲ್ಮನಾಕ್ ಪ್ಲಾಸ್ಟಿಕ್ಕಿನಲ್ಲೇ ಇರುತ್ತೆ, ಅದು ನನ್ನ ರೂಢಿ. ನೀವು ಕೊಡಿ. ಪೆನ್ನು ಮಾತ್ರ ಬೇಡ, ಇಂಕು ಇಳಿಯುತ್ತೆ. 2ಬಿ ಪೆನ್ಸಿಲ್ ಕೊಡಿ, ಮೆತ್ತಗಿರುತ್ತೆ, ಒತ್ತಬೇಕಾಗಿಲ್ಲ. ಪುಟದ ಕೆಳಗೆ ಒಂದು ರಟ್ಟು ಇಡಿ, ಹಿಂದಿನ ಪುಟಕ್ಕೆ ಗುರುತು ಬೀಳಲ್ಲ.

ನೀಲಿಕೂದಲು

ಹಳೇಕಾಮಿಕ್ಸ್, ನಿಮ್ಮ ಬರಹ ಅಮ್ಮನಿಗೂ ಓದಿ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

ಇವತ್ತು ಮಧ್ಯಾಹ್ನ ಊಟ ಆದಮೇಲೆ ಕೊಟ್ಟೆ. 2ಬಿ ಪೆನ್ಸಿಲ್, ಕೆಳಗೆ ಕ್ಯಾಲೆಂಡರಿನ ಹಳೆ ರಟ್ಟು. ಅವಳು ನೆಲದ ಮೇಲೆ ಬೋರಲು ಮಲಗಿ ಒಂದು ಗಂಟೆ ಅಲ್ಲಾಡಲಿಲ್ಲ. ನಾಲಗೆ ತುದಿ ಹೊರಗೆ. ಒಂದು ಪಜಲ್ ಅರ್ಧ ಬಿಡಿಸಿದಳು, ಇನ್ನರ್ಧ ಬರಲಿಲ್ಲ. ನನ್ನನ್ನು ಕೇಳಿದಳು, ನನಗೂ ಬರಲಿಲ್ಲ. ಉತ್ತರ ನೋಡೋಣ ಅಂದರೆ ಬೇಡ ಅಂದಳು.

ಆಮೇಲೆ ಯಾರೂ ಹೇಳದೆ ತಾನೇ ಪುಟದ ಮೂಲೆಯಲ್ಲಿ ಸಣ್ಣದಾಗಿ ಹೆಸರು ಬರೆದಳು, ಪಕ್ಕದಲ್ಲಿ ಇವತ್ತಿನ ತಾರೀಖು. ರೇಖೆ ಅವರು ಹೇಳಿದ ಹಾಗೆ ಖಾಲಿ ಹಾಳೆಯನ್ನೂ ಕೊಟ್ಟೆ. ನೂಡಲ್ ಬರೆದಿದ್ದಾಳೆ. ಹೆಲ್ಮೆಟ್ ಚೆನ್ನಾಗಿ ಬಂದಿದೆ, ಗಿಟಾರಿಗೆ ತಂತಿ ಒಂಬತ್ತು.

"ಇವಳಿಗೆ ಈಗ ಎಷ್ಟು ವರ್ಷ?" ಅಂತ ಕೇಳಿದಳು. "ನನ್ನಷ್ಟೇ" ಅಂದೆ. ನನ್ನ ಮುಖ ನೋಡಿದಳು, ಚಿತ್ರ ನೋಡಿದಳು, ಮತ್ತೆ ನನ್ನ ಮುಖ ನೋಡಿದಳು. ಪೆನ್ಸಿಲ್ಲನ್ನು ಅದೇ ಪುಟದ ನಡುವೆ ಇಟ್ಟು ಪುಸ್ತಕ ಮುಚ್ಚಿ, "ಇನ್ನರ್ಧ ದಸರಾ ರಜೆಗೆ, ಯಾರೂ ಮುಟ್ಟಬೇಡಿ" ಅಂದು ಆಟಕ್ಕೆ ಓಡಿದಳು.